ದರಗಿಗೆ ಬೆಂಕಿ ಇಡುವ ಮುನ್ನ

ಮಾಘ ಮಾಸ ಮುಗಿಯುತ್ತ ಬಂದಂತೆ ಮಲೆನಾಡಿನ ಊರುಗಳಲ್ಲಿ ಬೆಳಗಿನ ಇಬ್ಬನಿ ತೆಳುವಾಗುತ್ತದೆ. ಅದರ ಜಾಗವನ್ನು ಹೊಗೆ ಹಿಡಿಯುತ್ತದೆ. ಅಂಗಳ ಗುಡಿಸಿದ ದರಗು, ಹಿತ್ತಲಿನ ಹಲಸು-ಮಾವುಗಳ ಉದುರೆಲೆ, ಅಡಿಕೆ ಸುಲಿದು ಉಳಿದ ಸಿಪ್ಪೆ, ಇವುಗಳ ನಡುವೆ ಸದ್ದಿಲ್ಲದೆ ಸೇರಿಕೊಂಡ ಪ್ಲಾಸ್ಟಿಕ್ ಕೊಟ್ಟೆಗಳು, ಎಲ್ಲವನ್ನೂ ಒಂದು ಮೂಲೆಗೆ ಒಟ್ಟಿ ಸಂಜೆ ಕಡ್ಡಿ ಗೀರುವುದು ಈಗ ಮನೆಮನೆಯ ಪದ್ಧತಿಯಾಗಿದೆ. ಇದಕ್ಕೆ ನಾವಿಟ್ಟ ಹೆಸರು ಸ್ವಚ್ಛತೆ. ಮಣ್ಣು, ಬೆಳೆಗಳ ವಿಷಯವನ್ನೇ ಓದಿ ಅದರಿಂದಲೇ ಹೊಟ್ಟೆ ಹೊರೆಯುತ್ತಿರುವ ನನ್ನ ದೃಷ್ಟಿಯಲ್ಲಿ, ವರ್ಷದುದ್ದಕ್ಕೂ ನಮ್ಮ ಹಿತ್ತಲಿಗೆ ನಾವು ಮಾಡುವ ಅನ್ಯಾಯಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಅದೂ ಯಾವ ಹೊತ್ತಿನಲ್ಲಿ? ಹಿತ್ತಲಿಗೆ ಆ ದರಗು ಅತ್ಯಂತ ಅಗತ್ಯವಾಗಿರುವ ಹೊತ್ತಿನಲ್ಲಿ.

ವಸಂತದ ಆರಂಭದಲ್ಲಿ ಕೈತೋಟವನ್ನು ಹೇಗೆ ನೋಡಿಕೊಳ್ಳಬೇಕೆಂದು ಹೇಳುವ ಪುಸ್ತಕಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಬಹುಪಾಲು ತಂಪು ದೇಶಗಳ ಅನುಭವವನ್ನು ಆಧರಿಸಿದವು. ಅಲ್ಲಿ ವಸಂತವೆಂದರೆ ಹಿಮ ಕರಗಿ ಮಣ್ಣು ನೀರುಂಡು ನಿಂತ ಕಾಲ. ಆದ್ದರಿಂದ ಅಗೆಯಿರಿ, ಬಿತ್ತಿರಿ, ಕುಂಡ ಬದಲಿಸಿರಿ, ಗೊಬ್ಬರ ಹಾಕಿರಿ ಎಂಬ ಉತ್ಸಾಹದ ಮಾತುಗಳು ಅಲ್ಲಿಗೆ ಸಲ್ಲುತ್ತವೆ. ಬೀಜದ ಪೊಟ್ಟಣಗಳ ಬೆನ್ನಿನ ಮೇಲೂ, ನರ್ಸರಿಗಳ ಸಲಹಾಪತ್ರಗಳಲ್ಲೂ ಅದೇ ಮಾತು ಕನ್ನಡದ ಉಡುಪು ತೊಟ್ಟು ಬರುತ್ತದೆ. ಸಾಗರ, ಸೊರಬ, ಸಿದ್ದಾಪುರ, ಶಿರಸಿಗಳ ವಸಂತ ಬೇರೆಯೇ ಜಾತಿಯದು. ನವೆಂಬರಿನಿಂದೀಚೆಗೆ ಮಳೆಯೆಂಬುದು ಹೆಸರಿಗಷ್ಟೇ. ಮುಂದಿನ ಭರವಸೆಯ ಮಳೆ ಜೂನ್ ತಿಂಗಳಿನದು. ನಡುವೆ ಒಂದೆರಡು ಅಡ್ಡಮಳೆ ಬಂದರೆ ಅದು ಪುಣ್ಯ. ಹೀಗಿದ್ದರೂ ಕಾಡಿನ ಮರಗಳು ಇದೇ ಒಣ ಕಾಲದಲ್ಲಿ ಚಿಗುರುತ್ತವೆ. ಸಾಗಡೆ ಮರ ಕೆಂಪಾಗುತ್ತದೆ, ಹೊಂಗೆ ಹೊಳೆಯುತ್ತದೆ, ಮುತ್ತುಗ ಎಲೆಯಿಲ್ಲದೆಯೇ ಹೂವಾಗುತ್ತದೆ. ಮೇಲ್ಮಣ್ಣು ಒಣಗಿ ಬಿರಿದಿದ್ದರೂ ಆಳದ ಪದರಗಳಲ್ಲಿ ಕಳೆದ ಮಳೆಗಾಲದ ನೀರು ಇರುತ್ತದೆ, ಅವುಗಳ ಬೇರು ಅಲ್ಲಿಯವರೆಗೆ ಹೋಗಿರುತ್ತದೆ.

ಜಗುಲಿಯ ಮೇಲಿನ ಕುಂಡದ ಗಿಡಕ್ಕೂ, ಹಿತ್ತಲಿನ ಬದನೆ-ಮೆಣಸಿಗೂ ಈ ಕಾಲದ ಕರೆ ಕೇಳಿಸುತ್ತದೆ. ಹಗಲು ಉದ್ದವಾದದ್ದು, ಬಿಸಿಲು ಏರಿದ್ದು ಅವಕ್ಕೂ ತಿಳಿಯುತ್ತದೆ, ಚಿಗುರು ಬಿಡುತ್ತವೆ. ಬೇರು ಮಾತ್ರ ಆಳಕ್ಕಿಲ್ಲ. ಚಿಗುರಿನ ಆಸೆಗೂ ಬೇರಿನ ಶಕ್ತಿಗೂ ನಡುವಿನ ಈ ಅಂತರವನ್ನು ತುಂಬಿಕೊಡುವುದೇ ನಮ್ಮಲ್ಲಿ ವಸಂತದ ಆರೈಕೆ. ಹೊಸದನ್ನು ಹೂಡುವ ಕಾಲ ಇದಲ್ಲ, ಇರುವುದನ್ನು ಉಳಿಸುವ ಕಾಲ. ಈ ಒಂದು ತಿಳಿವಳಿಕೆ ಇದ್ದರೆ ಉಳಿದ ಕೆಲಸಗಳೆಲ್ಲ ತಾವಾಗಿ ಸಾಲಿಗೆ ಬರುತ್ತವೆ.

ಮೊದಲು ನೀರಿನ ಲೆಕ್ಕ. ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ಪೂರ್ವದ ಒಣಗಾಳಿ ಬೀಸುವಾಗ ನಮ್ಮ ಸೀಮೆಯಲ್ಲಿ ದಿನಕ್ಕೆ ಸುಮಾರು 4ರಿಂದ 5 ಮಿಲಿಮೀಟರ್ ನೀರು ಆವಿಯಾಗುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ಹತ್ತು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಸಾಧಾರಣ ಕೈತೋಟವೊಂದು ಗಿಡಗಳಿಂದ ತುಂಬಿದ್ದರೆ ದಿನವೊಂದಕ್ಕೆ 160ರಿಂದ 200 ಲೀಟರ್ ಬೇಡುತ್ತದೆ. ಕೊಡಗಳ ಲೆಕ್ಕದಲ್ಲಿ ಹನ್ನೊಂದರಿಂದ ಹದಿಮೂರು. ಫೆಬ್ರವರಿ ಮಧ್ಯದಿಂದ ಮಳೆ ಹಿಡಿಯುವವರೆಗಿನ 110 ದಿನಗಳಿಗೆ ಗುಣಿಸಿದರೆ 18 ಸಾವಿರದಿಂದ 22 ಸಾವಿರ ಲೀಟರ್. ಬಾವಿಯ ತಳ ಕಾಣುವ ಏಪ್ರಿಲ್ ತಿಂಗಳಿನಲ್ಲಿ ಈ ನೀರನ್ನು ಎಳೆದು ಹೊತ್ತು ಹಾಕುವವರು ಮನೆಯ ಹೆಂಗಸರೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳವೆಬಾವಿ ಇದೆಯಲ್ಲ ಎನ್ನುವವರಿಗೆ, ಅಕ್ಕಪಕ್ಕದ ತೆರೆದ ಬಾವಿಗಳು ಏಕೆ ಬೇಗ ಬತ್ತುತ್ತಿವೆ ಎಂದು ಕೇಳಬೇಕಾಗುತ್ತದೆ.

ಬರಿಯ ಮಣ್ಣಿಗೆ ಹಾಕಿದ ನೀರಿನಲ್ಲಿ ಗಣನೀಯ ಭಾಗ ಗಿಡದ ಬಾಯಿಗೇ ಹೋಗುವುದಿಲ್ಲ, ಮಣ್ಣಿನ ಮೇಲ್ಮೈಯಿಂದಲೇ ಗಾಳಿಗೆ ಹೋಗುತ್ತದೆ. ಮೂರು-ನಾಲ್ಕು ಅಂಗುಲ ದಪ್ಪದ ದರಗಿನ ಹೊದಿಕೆ ಇದನ್ನು ತಡೆಯುತ್ತದೆ. ಬಿಸಿಲು ಮಣ್ಣಿಗೆ ತಾಗದು, ಗಾಳಿ ತೇವವನ್ನು ಹೀರದು, ನೀರಿನ ಹೊಡೆತಕ್ಕೆ ಮಣ್ಣು ಗಟ್ಟಿಯಾಗದು. ನಾಲ್ಕು ದಿನ ಬಿಟ್ಟು ಹೊದಿಕೆಯನ್ನು ಸರಿಸಿ ಕೈಯಿಟ್ಟು ನೋಡಿದರೆ ಸಾಕು, ಬೇರೆ ಪ್ರಮಾಣ ಬೇಕಿಲ್ಲ. ನೀರು ಕೊಡುವ ಅಂತರವನ್ನು ಆ ಕೈಯೇ ನಿರ್ಧರಿಸಲಿ.

ಇನ್ನು ಬೆಂಕಿಯ ಲೆಕ್ಕ. ಒಣ ಎಲೆಯ ತೂಕದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಸಾರಜನಕ. ಐದಾರು ದೊಡ್ಡ ಮರಗಳಿರುವ ಹಿತ್ತಲಿನಲ್ಲಿ ಒಂದು ಬೇಸಿಗೆಗೆ ನೂರು ಕಿಲೋ ದರಗು ಸಿಗುವುದು ಕಷ್ಟವಲ್ಲ. ಅದನ್ನು ಸುಟ್ಟಾಗ ಒಂದು ಕಿಲೋದಷ್ಟು ಸಾರಜನಕ ಹೊಗೆಯಾಗಿ ಹೋಗುತ್ತದೆ, ಜೊತೆಗೆ ಗಂಧಕವೂ. ಅಂದರೆ ಎರಡು ಕಿಲೋ ಯೂರಿಯಾ ಸುಟ್ಟಂತೆ. ಸಹಾಯಧನದ ಬೆಲೆಯಲ್ಲಿ ಎರಡು ಕಿಲೋ ಯೂರಿಯಾಕ್ಕೆ ಹದಿನೈದು ರೂಪಾಯಿಯೂ ಆಗದು, ಇಷ್ಟಕ್ಕೆ ಈ ಗದ್ದಲವೇ ಎಂದು ಯಾರಾದರೂ ನಗಬಹುದು. ನಗಲಿ. ನಷ್ಟವಾದದ್ದು ಸಾರಜನಕ ಮಾತ್ರವಾಗಿದ್ದರೆ ನಾನೂ ಲೇಖನಿ ಎತ್ತುತ್ತಿರಲಿಲ್ಲ.

ನಮ್ಮದು ಜಂಬಿಟ್ಟಿಗೆ ಮಣ್ಣು. ಶತಮಾನಗಳ ಜಡಿಮಳೆ ಅದರಲ್ಲಿದ್ದ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್‌ಗಳನ್ನು ತೊಳೆದು ಹಳ್ಳಕ್ಕೆ ಕಳಿಸಿದೆ. ಉಳಿದದ್ದು ಹುಳಿಮಣ್ಣು, ಅದರ ತುಂಬ ಕಬ್ಬಿಣ ಮತ್ತು ಅಲ್ಯೂಮಿನಿಯಂ. ಇವೆರಡೂ ರಂಜಕವನ್ನು ಹಿಡಿದು ಗಿಡಕ್ಕೆ ಸಿಗದಂತೆ ಕಟ್ಟಿಹಾಕುತ್ತವೆ. ಇಂಥ ಮಣ್ಣಿನ ಜೇಡಿಗೆ ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿ ಬಹಳ ಕಡಿಮೆ. ಆ ಕೆಲಸವನ್ನು ನಮ್ಮಲ್ಲಿ ಮಾಡುವುದು ಎಲೆ ಕೊಳೆತು ಆದ ಕಪ್ಪು ಪದಾರ್ಥ. ನೀರು ಹಿಡಿಯುವುದೂ ಅದೇ, ಗೊಬ್ಬರ ಹಿಡಿಯುವುದೂ ಅದೇ, ಎರೆಹುಳುವಿಗೆ ಅನ್ನವೂ ಅದೇ. ಕರಾವಳಿಯಿಂದ ಘಟ್ಟದವರೆಗೆ ನಮ್ಮ ಹಿರಿಯರು ಎಲೆಯನ್ನು ಇಷ್ಟೊಂದು ಆರಾಧಿಸಿದ್ದು ಸುಮ್ಮನೆ ಅಲ್ಲ. ಹೊಂಡಕ್ಕೆ ಸುರಿದ ಯೂರಿಯಾ ಮೊದಲ ಮಳೆಗೆ ಹೊಳೆ ಸೇರುವ ಈ ನೆಲದಲ್ಲಿ ಎಲೆಯಲ್ಲಿರುವ ಇಂಗಾಲವೇ ನಿಜವಾದ ಬಂಡವಾಳ.

ಬೂದಿಯೂ ಗೊಬ್ಬರವಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಹೌದು, ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಗುಣ ಇದೆ, ಹುಳಿಮಣ್ಣಿಗೆ ಅದು ಒಳ್ಳೆಯದು. ಗಿಡಕ್ಕೊಂದು ಹಿಡಿಯಂತೆ ಹರಡಿ ಮಣ್ಣಿನಲ್ಲಿ ಬೆರೆಸಿದರೆ ಸಾಕು. ಅದಕ್ಕೆ ಒಲೆಯ ಬೂದಿಯೇ ಸಾಲುತ್ತದೆ, ಹಿತ್ತಲನ್ನು ಸುಡಬೇಕಿಲ್ಲ. ಒಂದೇ ಜಾಗದಲ್ಲಿ ರಾಶಿಯಾಗಿ ಉಳಿದ ಬೂದಿ ಅಲ್ಲಿನ ಮಣ್ಣನ್ನು ಸವುಳಾಗಿಸುತ್ತದೆ, ಅದರ ಪೊಟ್ಯಾಷ್ ಮೊದಲ ಮಳೆಯಲ್ಲೇ ಹರಿದುಹೋಗುತ್ತದೆ. ಪ್ಲಾಸ್ಟಿಕ್ ಬೆರೆತ ಬೂದಿಯನ್ನಂತೂ ತಿನ್ನುವ ಗಿಡದ ಬುಡಕ್ಕೆ ಹಾಕಲೇಬಾರದು. ಹಳಬರ ಸುಡುಮಣ್ಣಿನ ಕ್ರಮ ಬೇರೆ. ಕಸಕಡ್ಡಿಯ ಮೇಲೆ ಮಣ್ಣು ಮುಚ್ಚಿ ಗಾಳಿಯಾಡದಂತೆ ನಿಧಾನವಾಗಿ ಬೇಯಿಸಿದ ಆ ಮಣ್ಣಿನಲ್ಲಿ ಕಳೆಬೀಜ ಸಾಯುತ್ತದೆ, ಇದ್ದಿಲಿನ ಅಂಶ ಉಳಿಯುತ್ತದೆ. ಕುಂಡ ತುಂಬಲು ಬೇಕಾದಷ್ಟನ್ನು ಹಾಗೆ ಮಾಡಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ.

ಅಡಿಕೆ ಸಿಪ್ಪೆಯ ಮಾತನ್ನು ಇಲ್ಲಿಯೇ ಆಡಿಬಿಡಬೇಕು. ಕೊಯ್ಲು ಮುಗಿಯುವ ಈ ಹೊತ್ತಿನಲ್ಲಿ ನಮ್ಮ ತಾಲೂಕುಗಳ ಯಾವ ರಸ್ತೆಯಲ್ಲಿ ಹೋದರೂ ಎರಡೂ ಬದಿಯಲ್ಲಿ ಸಿಪ್ಪೆಯ ದಿಬ್ಬಗಳು, ಅವುಗಳಿಂದ ವಾರಗಟ್ಟಲೆ ಏಳುವ ಹೊಗೆ. ಈ ಹೊಗೆಯಲ್ಲಿ ದ್ವಿಚಕ್ರ ಸವಾರರು ಎದುರಿನ ವಾಹನ ಕಾಣದೆ ಬೀಳುತ್ತಾರೆ, ಉಬ್ಬಸದವರು ಒದ್ದಾಡುತ್ತಾರೆ. ಸಿಪ್ಪೆ ಬೇಗ ಕೊಳೆಯದು, ನಿಜ. ಅದರ ನಾರಿನಲ್ಲಿ ಲಿಗ್ನಿನ್ ಹೆಚ್ಚು, ಸಾರಜನಕ ಕಡಿಮೆ. ಆದರೆ ಬೇಗ ಕೊಳೆಯದಿರುವುದೇ ಹೊದಿಕೆಗೆ ಬೇಕಾದ ಗುಣ! ದರಗು ಒಂದು ಮಳೆಗಾಲದಲ್ಲಿ ಕರಗಿದರೆ ಸಿಪ್ಪೆ ಅದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ತೆಂಗಿನ ಬುಡಕ್ಕೆ, ಬಾಳೆಗೆ, ಕರಿಬೇವಿಗೆ, ನಿಂಬೆಗೆ ಇದು ಯೋಗ್ಯ ಹೊದಿಕೆ. ಗೊಬ್ಬರವೇ ಆಗಬೇಕೆಂದಿದ್ದರೆ ಸಗಣಿಯ ಬಗ್ಗಡದೊಡನೆ ಪದರ ಪದರವಾಗಿ ಗುಂಡಿಗೆ ಹಾಕಿ, ತೇವ ಆರದಂತೆ ನೋಡಿ, ತಾಳ್ಮೆಯಿಂದ ಕಾಯಬೇಕು. ಹಸಿಯಾಗಿ ಮಣ್ಣಿನೊಳಗೆ ಹೂತರೆ ಮಾತ್ರ ತೊಂದರೆ. ಅದನ್ನು ಕೊಳೆಸುವ ಜೀವಾಣುಗಳು ಗಿಡದ ಪಾಲಿನ ಸಾರಜನಕವನ್ನು ತಾವೇ ತಿಂದು ಗಿಡ ಹಳದಿಯಾಗುತ್ತದೆ. ಮೇಲೆ ಹಾಸುವುದು ಒಂದು, ಒಳಗೆ ಹೂಳುವುದು ಇನ್ನೊಂದು.

ಹೊದಿಕೆಯನ್ನು ಬೇಡವೆನ್ನುವವರ ಆಕ್ಷೇಪಗಳು ಮೂರು: ಒರಲೆ, ಹಾವು, ಬೆಂಕಿಯ ಭಯ. ಇವುಗಳನ್ನು ಅಜ್ಞಾನವೆಂದು ತಳ್ಳಿಹಾಕುವ ಪರಿಸರವಾದಿಗಳನ್ನು ಕಂಡಿದ್ದೇನೆ, ಅದು ಸರಿಯಲ್ಲ. ಒರಲೆ ಒಣಗಿದ್ದನ್ನು ತಿನ್ನುತ್ತದೆ. ಬಾಡಿದ ಗಿಡವನ್ನೂ ಬಿಡುವುದಿಲ್ಲ. ಆದ್ದರಿಂದ ಕಾಂಡದಿಂದ ನಾಲ್ಕು ಬೆರಳು ಬಿಟ್ಟು ಹೊದಿಕೆ ಹಾಸಬೇಕು, ಹೊದಿಕೆಯ ಕೆಳಗೆ ತೇವ ಇರುವಂತೆ ನೋಡಬೇಕು. ಹಾವಿನ ಭಯವಿರುವಲ್ಲಿ ಬಚ್ಚಲಿನ ದಾರಿ, ಕೊಟ್ಟಿಗೆಯ ಬಾಗಿಲು, ಮಕ್ಕಳು ಓಡಾಡುವ ಜಾಗಗಳನ್ನು ಚೊಕ್ಕಟವಾಗಿಟ್ಟು ದರಗಿನ ರಾಶಿಯನ್ನು ಮನೆಯಿಂದ ದೂರ ಒಟ್ಟಬೇಕು. ಬೆಂಕಿಯ ಭಯಕ್ಕೆ ಉತ್ತರವಂತೂ ಸರಳ. ಮಾರ್ಚ್ ತಿಂಗಳಲ್ಲಿ ಹಿತ್ತಲಿನಲ್ಲಿ ಬೆಂಕಿ ಹಚ್ಚುವವರೇ ಇಲ್ಲದಿದ್ದರೆ ಬೆಂಕಿ ಬರುವುದಾದರೂ ಎಲ್ಲಿಂದ? ಬೇಣಕ್ಕೂ ಬೆಟ್ಟಕ್ಕೂ ಹಬ್ಬಿದ ಎಷ್ಟೋ ಕಿಚ್ಚುಗಳ ಮೂಲ ಇಂಥ ಕಸದ ಗುಡ್ಡೆಯೇ.

ಈಗ ನನ್ನನ್ನು ನಿಜವಾಗಿ ಕಾಡುವ ವಿಷಯಕ್ಕೆ ಬರುತ್ತೇನೆ. ಮನೆಯ ಮುಂದಿನ ದರಗನ್ನು ಸುಡುವ ನಾವೇ, ತೋಟಕ್ಕೆ, ಕೊಟ್ಟಿಗೆಗೆ ಬೇಕೆಂದು ಬೆಟ್ಟದಿಂದ ದರಗು ತರಿಸುತ್ತೇವೆ. ಬ್ರಿಟಿಷರ ಕಾಲದಲ್ಲಿಯೇ ಘಟ್ಟದ ಮೇಲಿನ ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಇತ್ತು. ಒಂದು ಎಕರೆಯನ್ನು ಒಂಬತ್ತು ಎಕರೆ ಸಾಕುತ್ತಿತ್ತು ಎಂಬ ಆ ಲೆಕ್ಕದಲ್ಲಿಯೇ ಎಲೆಯ ಬೆಲೆ ಇದೆ. ಆದರೆ ಗುಡಿಸಿ ಗುಡಿಸಿ ಬೋಳಾದ ಬೆಟ್ಟದ ನೆಲದಲ್ಲಿ ಮಳೆನೀರು ಇಂಗದೆ ಓಡುತ್ತದೆ, ಬಿದ್ದ ಬೀಜ ಮೊಳೆಯದು, ಕೆಳಗಿನ ಒರತೆ ಬೇಗ ಬತ್ತುತ್ತದೆ. ಹಿತ್ತಲಿನ ಬಾವಿಗೂ ಬೆಟ್ಟದ ದರಗಿಗೂ ಇರುವ ನಂಟು ಇದು.

ಇದರ ಜೊತೆಗೆ ಇನ್ನೊಂದು ಅಪಾಯ ಸೇರಿಕೊಂಡಿದೆ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅವುಗಳ ಮರಿಗಳು ಕಾಡಿನ ನೆಲದ ದರಗಿನಲ್ಲಿ, ಕುರುಚಲಿನಲ್ಲಿ ತುಂಬಿರುತ್ತವೆ. ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣವು. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲೂಕಿನ ಅರಳಗೋಡು ಭಾಗ ಅನುಭವಿಸಿದ ಸಾವುನೋವುಗಳನ್ನು ನಾವ್ಯಾರೂ ಮರೆತಿಲ್ಲ. ಬಹುಕಾಲ ಬಳಕೆಯಲ್ಲಿದ್ದ ಲಸಿಕೆಯ ಪರಿಣಾಮ ಸಾಲದೆಂದು ಕಂಡು ಅದರ ಬಳಕೆಯೂ ನಿಂತಿದೆ. ಇಂಥ ತಿಂಗಳುಗಳಲ್ಲಿ ಬೆಟ್ಟದ ದರಗನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ತರುವವರು ಯಾರು? ತೋಟದ ಯಜಮಾನರಲ್ಲ, ದಿನಗೂಲಿಯ ಹೆಂಗಸರು. ನೂರಾರು ಕಿಲೋ ದರಗನ್ನು ಅಂಗಳದಲ್ಲಿ ಸುಟ್ಟು, ಅಷ್ಟೇ ದರಗಿಗಾಗಿ ಇನ್ನೊಬ್ಬರನ್ನು ಉಣುಗಿನ ಬಾಯಿಗೆ ಕಳಿಸುವುದು ಯಾವ ಸೀಮೆಯ ವ್ಯವಸಾಯ? ಈ ಪ್ರಶ್ನೆಯನ್ನು ನಮ್ಮ ಸಂಘಗಳ ಸಭೆಗಳಲ್ಲಿ ಎತ್ತಿದಾಗ ಒಂದು ಮೌನ ಆವರಿಸುತ್ತದೆ. ಆ ಮೌನ ಮುರಿಯಲೇಬೇಕು.

ನನ್ನ ಸೂಚನೆ ಇಷ್ಟು. ಕೈತೋಟಕ್ಕೆ ಮನೆಯ ಸುತ್ತಲ ಮರಗಳ ದರಗು, ಅಡಿಕೆ ಸಿಪ್ಪೆ, ತೋಟದ ಸೋಗೆ, ಬಾಳೆಯ ಒಣ ಎಲೆ, ಇವು ಧಾರಾಳವಾಗಿ ಸಾಕು. ಡಿಸೆಂಬರಿನಿಂದ ಮೊದಲ ಒಳ್ಳೆಯ ಮಳೆ ಬೀಳುವವರೆಗೆ ಬೆಟ್ಟದ ದರಗು ಊರೊಳಗೆ ಬರಬಾರದು. ಅನಿವಾರ್ಯವಾಗಿ ಕಾಡಿಗೆ ಹೋಗುವವರಿಗೆ ಮೈತುಂಬ ಬಟ್ಟೆ, ಆರೋಗ್ಯ ಇಲಾಖೆ ಹಂಚುವ ಉಣುಗು ನಿರೋಧಕ ತೈಲ, ಮರಳಿದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಗೂ ಬಿಸಿನೀರು, ಇವನ್ನು ಒದಗಿಸುವುದು ಕೆಲಸಕ್ಕೆ ಕರೆದವರ ಹೊಣೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಕ್ಷಣ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ನೀರಿನ ಮಾತಿಗೆ ಮರಳೋಣ. ಬಚ್ಚಲಿನ ನೀರು ಬಸಳೆ ಚಪ್ಪರಕ್ಕೆ ಹೋಗುವುದು ನಮ್ಮ ಮನೆಗಳ ಹಳೆಯ ಏರ್ಪಾಡು. ಅಂದು ಬಚ್ಚಲಿನಲ್ಲಿ ಸೀಗೆಪುಡಿ, ಕಡಲೆಹಿಟ್ಟು, ಒಂದಿಷ್ಟು ಸಾಬೂನು. ಇಂದು ಬಟ್ಟೆ ತೊಳೆಯುವ ಯಂತ್ರದ ಪುಡಿ ಸೇರಿದೆ, ಅದರಲ್ಲಿ ಸೋಡಾ ಇದೆ. ಅದರ ಸೋಡಿಯಂ ಮಣ್ಣಿನ ಹರಳುಗಳನ್ನು ಒಡೆದು ಮಣ್ಣನ್ನು ಅಂಟಾಗಿಸುತ್ತದೆ, ನೀರು ಇಂಗದಂತೆ ಮಾಡುತ್ತದೆ. ಬಸಳೆಯ ಎಲೆ ಅಂಚಿನಿಂದ ಸುಟ್ಟಂತೆ ಒಣಗಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಯಂತ್ರದ ಮೊದಲ ನೊರೆನೀರನ್ನು ತೆಂಗಿಗೂ ಬಾಳೆಗೂ ಸರದಿಯ ಮೇಲೆ ತಿರುಗಿಸಿ, ಜಾಲಿಸಿದ ನೀರನ್ನು ಮಾತ್ರ ತರಕಾರಿಗೆ ಬಿಡಬೇಕು. ಒಂದೇ ಕಡೆ ನಿಲ್ಲಿಸಬಾರದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಿಗೆ ಇಂಥ ಯಾವ ಕಟ್ಟುಪಾಡೂ ಇಲ್ಲ, ಅದು ನೇರವಾಗಿ ಕುಂಡಗಳಿಗೆ ಹೋಗಲಿ. ಹಾಗಲ, ತೊಂಡೆ, ಪಡವಲಗಳ ಬುಡದಲ್ಲಿ ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ ಮುಚ್ಚಿಟ್ಟರೆ ಬೇಕಾದಷ್ಟು ತೇವ ತಾನಾಗಿ ಜಿನುಗುತ್ತದೆ. ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕಾಗುತ್ತದೆ. ಒಡೆದ ಬಾಯಿಯ ಹಳೆಯ ಮಡಕೆಗೂ ಇದರಿಂದ ಇನ್ನೊಂದು ಜನ್ಮ.

ಹೊಸದಾಗಿ ಏನನ್ನೂ ಬಿತ್ತಬಾರದೇ? ನೀರಿನ ಅನುಕೂಲ ನೋಡಿ ಕೆಲವನ್ನು ಬಿತ್ತಬಹುದು. ಹರಿವೆ ಒಂದೇ ತಿಂಗಳಲ್ಲಿ ಕೈಗೆ ಬರುತ್ತದೆ. ಬೆಂಡೆ, ಬೇಸಿಗೆ ಸೌತೆ, ಅಳಸಂದೆಗಳು ಬಿಸಿಲನ್ನು ತಾಳುತ್ತವೆ. ಸುವರ್ಣಗಡ್ಡೆ ನೆಡಲು ಇದೇ ಸಮಯ. ಹೊಂಡಕ್ಕೆ ಗೊಬ್ಬರ ತುಂಬಿ, ಗಡ್ಡೆಯಿಟ್ಟು, ಮೇಲೆ ದಪ್ಪ ಹೊದಿಕೆ ಹಾಕಿದರೆ ಅದು ಮಳೆಯನ್ನು ಕಾಯುತ್ತ ಕುಳಿತಿರುತ್ತದೆ. ಎಲೆಕೋಸು, ಹೂಕೋಸಿನ ಸಸಿಗಳನ್ನು ಈಗ ಮಾರಲು ತಂದರೆ ಕೊಳ್ಳಬೇಡಿರಿ. ಅವು ಚಳಿಯ ಬೆಳೆಗಳು, ನಮ್ಮ ಏಪ್ರಿಲ್ ತಿಂಗಳಲ್ಲಿ ಹುಳುವಿಗೆ ಹಬ್ಬ.

ಒಣಹವೆಯಲ್ಲಿ ಮೆಣಸಿನ ಎಲೆ ಮುಟುರಾಗುವುದು ಎಲ್ಲರ ದೂರು. ಎಲೆಯಂಚು ಮೇಲ್ಮುಖವಾಗಿ ದೋಣಿಯಂತೆ ಮಡಚಿದ್ದರೆ ಅದು ಥ್ರಿಪ್ಸ್ ಹಾವಳಿ, ಕೆಳಮುಖವಾಗಿ ಬೋರಲು ದೋಣಿಯಂತಿದ್ದರೆ ಮೈಟ್ ನುಸಿಯದು. ಎರಡಕ್ಕೂ ಅಂಗಡಿಯವರು ಒಂದೇ ಬಾಟಲಿ ಕೊಟ್ಟು ಕಳಿಸುತ್ತಾರೆ. ಅದರಿಂದ ನುಸಿಯನ್ನು ತಿನ್ನುವ ಉಪಕಾರಿ ಕೀಟಗಳು ಸತ್ತು ನುಸಿ ಇಮ್ಮಡಿಯಾಗುತ್ತದೆ. ಮನೆಯ ನಾಲ್ಕಾರು ಗಿಡಗಳಿಗೆ ಎಲೆಯ ಕೆಳಬದಿಗೆ ಬಲವಾಗಿ ನೀರು ಸಿಡಿಸುವುದು, ಮೂರು ದಿನ ಬಿಟ್ಟು ಮತ್ತೆ ಸಿಡಿಸುವುದು, ಬಗ್ಗದಿದ್ದರೆ ಲೀಟರಿಗೆ ಐದು ಮಿಲಿ ಬೇವಿನೆಣ್ಣೆಯನ್ನು ಸಾಬೂನು ನೀರಿನಲ್ಲಿ ಕಲಸಿ ಸಂಜೆ ಹೊತ್ತು ಸಿಂಪಡಿಸುವುದು ಸಾಕು. 2021ರಲ್ಲಿ ದಕ್ಷಿಣದ ರಾಜ್ಯಗಳ ಮೆಣಸಿನ ಹೊಲಗಳನ್ನು ಹಾಳುಗೆಡವಿದ ಹೊಸ ಜಾತಿಯ ಥ್ರಿಪ್ಸ್ ಹೊರಗಿನಿಂದ ಬಂದ ಕೀಟವೆಂಬುದನ್ನು ನೆನೆದರೆ, ಗೊತ್ತಿಲ್ಲದ ಊರಿನ ಸಸಿ ತರುವಾಗ ಹೂವಿನೊಳಗೆ, ಎಲೆಯಡಿಗೆ ಒಮ್ಮೆ ಕಣ್ಣಾಡಿಸುವುದು ವಿವೇಕ. ಹಾಗಲ-ಪಡವಲಗಳ ಮಿಡಿಗೆ ಹಣ್ಣುನೊಣದ ಕಾಟವಿದ್ದರೆ ಕಾಗದದ ಕೊಟ್ಟೆ ಕಟ್ಟುವುದಕ್ಕಿಂತ ಅಗ್ಗದ ಮದ್ದು ಇಲ್ಲ. ಕೊಳೆತು ಬಿದ್ದ ಕಾಯಿಗಳನ್ನು ಎರಡಡಿ ಆಳದಲ್ಲಿ ಹೂಳಿರಿ. ಗೊಬ್ಬರಗುಂಡಿಗೆ ಹಾಗೆಯೇ ಎಸೆದರೆ ಮುಂದಿನ ತಲೆಮಾರಿನ ನೊಣವನ್ನು ನಾವೇ ಸಾಕಿದಂತೆ.

ಜಗುಲಿಯ ಕುಂಡಗಳಿಗೆ, ಅಂದರೆ ನಾವು ಪಾಟು ಎಂದೇ ಕರೆಯುವವಕ್ಕೆ, ಈ ಕಾಲದಲ್ಲಿ ಮೊದಲು ಬದಲಾಗುವುದು ಬಿಸಿಲಿನ ದಿಕ್ಕು. ನಮ್ಮ 14 ಡಿಗ್ರಿ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯ ನಡುಹಗಲಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 52 ಡಿಗ್ರಿ ಎತ್ತರದಲ್ಲಿದ್ದು ದಕ್ಷಿಣದ ಜಗುಲಿಯೊಳಗೆ ಇಣುಕುತ್ತಾನೆ. ಮಾರ್ಚ್ 21ರ ಹೊತ್ತಿಗೆ 76 ಡಿಗ್ರಿಗೆ ಏರಿ ಮಾಡಿನ ಅಂಚಿಗೆ ಹಿಂದೆ ಸರಿಯುತ್ತಾನೆ, ಏಪ್ರಿಲ್ ಕೊನೆಗೆ ನೆತ್ತಿಯ ಮೇಲಿರುತ್ತಾನೆ. ಚಳಿಗಾಲದಲ್ಲಿ ದಕ್ಷಿಣದಲ್ಲಿ ಸುಖವಾಗಿದ್ದ ಗಿಡಕ್ಕೆ ಈಗ ಬೆಳಕು ಕಡಿಮೆಯಾಗಬಹುದು. ಪಶ್ಚಿಮದ ಗೋಡೆಯ ಪಕ್ಕದ್ದು ಇಳಿಹೊತ್ತಿನ ಬಿಸಿಲಿಗೆ ಬೇಯುತ್ತದೆ. ಜರೀಗಿಡ, ಆಂಥೂರಿಯಂಗಳನ್ನು ಪಶ್ಚಿಮದಿಂದ ಎತ್ತಿ ಪೂರ್ವಕ್ಕಿಡುವುದೇ ಅರ್ಧ ಆರೈಕೆ. ಕುಂಡಗಳನ್ನು ಒಂದರ ಪಕ್ಕ ಒಂದು ಗುಂಪಾಗಿಟ್ಟರೆ ಸುತ್ತಲ ಗಾಳಿಯಲ್ಲಿ ತೇವ ಉಳಿಯುತ್ತದೆ. ಬೆರಳನ್ನು ಒಂದು ಅಂಗುಲ ಮಣ್ಣಿಗೆ ತೂರಿಸಿ, ಒಣಗಿದ್ದರೆ ಮಾತ್ರ ಬೆಳಗ್ಗೆ ನೀರು. ಮೇಲೆ ಬಿಳಿ ಉಪ್ಪು ಕಟ್ಟಿದ್ದರೆ ಒಮ್ಮೆ ಧಾರಾಳ ನೀರು ಹೊಯ್ದು ತಳದಿಂದ ಹರಿಯಬಿಡಿ. ಕುಂಡ ಬದಲಿಸುವ ಕೆಲಸವನ್ನು, ಬೇರು ತಳದ ತೂತಿನಿಂದ ಹೊರಬಂದಿಲ್ಲದಿದ್ದರೆ, ಮಳೆಗಾಲದ ಹೊಸ್ತಿಲಿಗೆ ಮುಂದೂಡುವುದು ನಮ್ಮ ಹವೆಗೆ ಹೊಂದುತ್ತದೆ. ಈಗ ಮೇಲಿನ ಎರಡು ಅಂಗುಲ ಹಳೆಯ ಮಣ್ಣು ತೆಗೆದು ಹಣ್ಣಾದ ಗೊಬ್ಬರ ತುಂಬಿದರೆ ಸಾಕು. ಹತ್ತು ಪಾಲು ನೀರಿಗೆ ಒಂದು ಪಾಲು ಗಂಜಲ ಹದಿನೈದು ದಿನಕ್ಕೊಮ್ಮೆ. ಬಾಟಲಿಯಲ್ಲಿ ಬರುವ ಬಣ್ಣಬಣ್ಣದ ಟಾನಿಕ್‌ಗಳ ಬಗ್ಗೆ ನನ್ನ ಅಭಿಪ್ರಾಯ ಕೇಳದಿರುವುದು ಮೇಲು.

ಕುಂಡದ ಕೆಳಗಿನ ತಟ್ಟೆಯ ಬಗ್ಗೆ ಮಾತ್ರ ಕೇಳಲೇಬೇಕು. ಡೆಂಗೆ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ತೆಗೆದುಕೊಳ್ಳುವುದು ಏಳರಿಂದ ಹತ್ತು ದಿನ. ಅದರ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ತಟ್ಟೆಯ ಅಂಚಿಗೆ ಅಂಟಿಕೊಂಡು ಬದುಕಿರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರಷ್ಟೇ ಸಾಲದು, ನಾರಿನಿಂದ ಉಜ್ಜಬೇಕು.

ನರ್ಸರಿಯಿಂದ ತಂದ ಅಲಂಕಾರದ ಗಿಡ ಬೇಸರವಾದಾಗ ಬೇಲಿಯಾಚೆ ಎಸೆಯುವ ಚಾಳಿಯೊಂದಿದೆ. ಇಂದು ನಮ್ಮ ಕಾಡನ್ನು ಮುಸುಕಿರುವ ಲಂಟಾನ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದದ್ದು ಚೆಂದದ ಹೂಗಿಡವಾಗಿಯೇ. ಹಳದಿ ಹೂವಿನ ನೆಲಹಾಸು ಬಳ್ಳಿಯೊಂದು ಈಗ ನಮ್ಮ ಹಳ್ಳದ ಅಂಚುಗಳಲ್ಲಿ ಅದೇ ದಾರಿ ಹಿಡಿದಿದೆ. ಕುಂಡದ ಮಣ್ಣಿನಲ್ಲಿ ಆಫ್ರಿಕದ ದೈತ್ಯ ಬಸವನಹುಳುವಿನ ಮೊಟ್ಟೆಯೂ ಪ್ರಯಾಣ ಮಾಡುತ್ತದೆ. ಒಣ ಕಾಲದಲ್ಲಿ ಅವು ಬಾಯಿ ಮುಚ್ಚಿಕೊಂಡು ಕಲ್ಲಿನಡಿ, ಕುಂಡದಡಿ ಮಲಗಿರುತ್ತವೆ. ಹುಡುಕಿ ತೆಗೆದು ಉಪ್ಪುನೀರಿಗೆ ಹಾಕಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಕೈಗೆ ಕವಚವಿರಲಿ.

ಕೊನೆಯದಾಗಿ ಬೀಜ. ನನ್ನ ಮಟ್ಟಿಗೆ ಫಾಲ್ಗುಣದ ಹಿರಿಯ ಕೆಲಸ ಇದೇ. ವರ್ಷದಲ್ಲಿ ಗಾಳಿ ಅತ್ಯಂತ ಒಣಗಿರುವ ದಿನಗಳು ಇವು. ಜೂನ್ ಬಂದರೆ ಗೋಡೆಯೂ ಬೆವರುವ ನಮ್ಮಲ್ಲಿ ಬೀಜ ಒಣಗಿಸಲು ಬೇರೆ ಅವಕಾಶವಿಲ್ಲ. ಬೀಜದ ತೇವಾಂಶ ನೂರಕ್ಕೆ ಒಂದು ಪಾಲು ಇಳಿದಾಗ ಅದರ ಆಯುಸ್ಸು ಸುಮಾರು ಎರಡು ಪಟ್ಟಾಗುತ್ತದೆಂಬುದು ಬೀಜವಿಜ್ಞಾನದ ಸ್ಥೂಲ ಸೂತ್ರ. ಅಜ್ಜಿಯರು ಸೌತೆಬೀಜವನ್ನು ಸಗಣಿಯೊಡನೆ ಗೋಡೆಗೆ ಬಡಿದಾಗ, ಹೀರೆಕಾಯಿಯನ್ನು ಒಲೆಯ ಮೇಲಿನ ಅಟ್ಟಕ್ಕೆ ನೇತುಹಾಕಿದಾಗ, ಬದನೆಬೀಜಕ್ಕೆ ಬೂದಿ ಸವರಿದಾಗ ಮಾಡಿದ್ದು ಈ ಸೂತ್ರದ ಪಾಲನೆಯನ್ನೇ. ಈಗ ಅಟ್ಟದಡಿಯ ಒಲೆಯ ಜಾಗದಲ್ಲಿ ಗ್ಯಾಸ್ ಬಂದಿದೆ. ಬೀಜ ಇಡುವ ಹೆಂಗಸಿನ ಅರಿವಿಗೂ ಜಾಗವಿಲ್ಲದಾಗಿದೆ. ನೆರಳಲ್ಲಿ, ಗಾಳಿಯಾಡುವಲ್ಲಿ ನಾಲ್ಕಾರು ದಿನ, ಬಳಿಕ ಎಳೆಬಿಸಿಲಿನಲ್ಲಿ ಒಣಗಿಸಬೇಕು. ಸುಡುವ ಸಿಮೆಂಟ್ ನೆಲದ ಮೇಲೆ ಕೂಡದು. ಮುರಿದಾಗ ಪಟ್ಟೆಂದು ಒಡೆಯುವಂತಾದ ಮೇಲೆ ಗಾಜಿನ ಬಾಟಲಿಗೆ ತುಂಬಿ, ಮೇಲೆ ಒಣಬೂದಿಯ ಪೊಟ್ಟಣವಿಟ್ಟು, ಬಿಗಿಯಾಗಿ ಮುಚ್ಚಿ, ಹೆಸರನ್ನೂ ಇಸವಿಯನ್ನೂ ಬರೆದಿಡಬೇಕು.

ಯಾವುದರ ಬೀಜ ಇಡಬಹುದೆಂಬುದರಲ್ಲೂ ವಿವೇಚನೆ ಬೇಕು. ಅಂಗಡಿಯ ಹೈಬ್ರಿಡ್ ಗಿಡದ ಬೀಜ ತಾಯಿಯಂತೆ ಹುಟ್ಟದು. ಅಳಸಂದೆ, ಅವರೆಗಳು ಬಹುಮಟ್ಟಿಗೆ ತಮ್ಮೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ತಳಿ ಕೆಡುವ ಭಯ ಕಡಿಮೆ. ಮೊಗೆಕಾಯಿ ಮತ್ತು ಚಿಬ್ಬಡ ಒಂದೇ ಪ್ರಭೇದಕ್ಕೆ ಸೇರಿದವು, ಪಕ್ಕಪಕ್ಕದಲ್ಲಿದ್ದರೆ ದುಂಬಿ ಬೆರೆಸುತ್ತದೆ. ಎರಡು ಬಗೆಯ ಸಿಹಿಗುಂಬಳಗಳಿಗೂ ಇದೇ ಮಾತು. ನಾಳೆ ಅರಳುವ ಹೆಣ್ಣುಮೊಗ್ಗಿಗೂ ಗಂಡುಮೊಗ್ಗಿಗೂ ಸಂಜೆಯೇ ದಾರ ಕಟ್ಟಿ, ಬೆಳಗ್ಗೆ ಕೈಯಾರೆ ಪರಾಗ ಮುಟ್ಟಿಸಿ, ಮತ್ತೆ ಕಟ್ಟಿದರೆ ಒಂದು ಕಾಯಿ ಸಾಕು, ಊರಿಗೆಲ್ಲ ಬೀಜ. ಶಿರಸಿಯ ವನಸ್ತ್ರೀ ಬಳಗದ ಹೆಣ್ಣುಮಕ್ಕಳು 2001ರಿಂದ ಹಿತ್ತಲಿನ ಬೀಜಗಳನ್ನು ಹೀಗೆ ಉಳಿಸಿ ಹಂಚುತ್ತ, ಮಲೆನಾಡು ಮೇಳದಲ್ಲಿ ಅವುಗಳನ್ನು ಜನರ ಮುಂದಿಡುತ್ತ ಬಂದಿದ್ದಾರೆ. ಅದೇ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮದ 39ನೆಯ ವಿಧಿ ಬೀಜ ಉಳಿಸಲು, ಮರಳಿ ಬಿತ್ತಲು, ವಿನಿಮಯ ಮಾಡಲು, ಬ್ರಾಂಡ್ ಹೆಸರಿಲ್ಲದೆ ಮಾರಲು ರೈತರಿಗಿರುವ ಹಕ್ಕನ್ನು ಸ್ಪಷ್ಟವಾಗಿ ಮನ್ನಿಸುತ್ತದೆ. ಬಳಸದ ಹಕ್ಕು ಕಾಗದದಲ್ಲಿ ಉಳಿದರೂ ಬಾಟಲಿಯಲ್ಲಿ ಬೀಜ ಉಳಿಯುವುದಿಲ್ಲ.

ಡೇರೆಯ ಗಡ್ಡೆಗಳ ವಿಷಯ ಕೇಳಿ ಹಲವರು ಪತ್ರ ಬರೆಯುತ್ತಾರೆ. ಕಳೆದ ಮಳೆಗಾಲದ ಗಡ್ಡೆಗಳನ್ನು ಒಣಮಣ್ಣು, ಬೂದಿಗಳಲ್ಲಿ ಮುಚ್ಚಿ ಬುಟ್ಟಿಯಲ್ಲಿಟ್ಟವರು ಈಗ ಹದಿನೈದು ದಿನಕ್ಕೊಮ್ಮೆ ಬಿಚ್ಚಿ ನೋಡಬೇಕು. ಮೆತ್ತಗಾದದ್ದನ್ನು ತೆಗೆದೆಸೆಯಿರಿ, ತೀರ ಸುಕ್ಕಾದದ್ದಕ್ಕೆ ಒಂದೆರಡು ಹನಿ ನೀರು ಚಿಮುಕಿಸಿರಿ. ಗಡ್ಡೆಯ ಕುತ್ತಿಗೆಯ ಬಳಿ ಹಳೆಯ ಕಾಂಡದ ತುಂಡು ಇರಲೇಬೇಕು, ಕಣ್ಣು ಒಡೆಯುವುದು ಅಲ್ಲಿಯೇ. ಶುಂಠಿ, ಅರಿಶಿನದ ಬಿತ್ತನೆ ಗಡ್ಡೆಗಳನ್ನೂ ಅದೇ ತಂಪು ಮೂಲೆಯಲ್ಲಿ, ದರಗು ಹಾಸಿ ಹೊದಿಸಿ ಇಡಬಹುದು. ಆ ದರಗು ಅಂಗಳದ್ದೇ ಆಗಿರಲಿ. ಮೇ ತಿಂಗಳ ಎರಡು ಒಳ್ಳೆಯ ಮಳೆಗಳು ಬಿದ್ದು ಮಣ್ಣು ಒಂದು ಗೇಣು ಆಳದವರೆಗೆ ನೆನೆದ ಬಳಿಕವೇ ಇವನ್ನೆಲ್ಲ ನೆಲಕ್ಕಿಳಿಸಬೇಕು.